ಯೂತ್ ಮೀಟಿಂಗಿನ ಹುಡುಗರು ಕನ್ನಡ ಹಾಡಿಗೆ ಬಾಯಿ ಬಿಡುತ್ತಿಲ್ಲ, ಏನು ಮಾಡಲಿ?

ಕೆಂಗೇರಿ ಅಕ್ಕ:

ಎಲ್ಲರಿಗೂ ವಂದನೆಗಳು. ಕೆಂಗೇರಿ ಕಡೆಯ ಒಂದು ಕನ್ನಡ ಚರ್ಚ್ ಸಭೆಯಲ್ಲಿ 6 ವರ್ಷದಿಂದ ಯೂತ್ ಮೀಟಿಂಗ್ ನಡೆಸುತ್ತಿದ್ದೇನೆ. ಪ್ರತಿ ಶನಿವಾರ ಸಂಜೆ ಐದೂವರೆಗೆ. 14ರಿಂದ 19 ವರ್ಷದ ಹನ್ನೆರಡು ಮಕ್ಕಳು. ಒಂದು ಗಿಟಾರ್, ಒಂದು ಕೀಬೋರ್ಡ್, ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ, ಅದೇ ಕಹೋನ್, ಇಷ್ಟಿದೆ.

ಸ್ಪೀಕರಿನಲ್ಲಿ ಇಂಗ್ಲಿಷ್ ಹಾಡು ಹಾಕಿದರೆ ಒಂದು ಸಾಲೂ ಬಿಡದೆ ಜೊತೆಗೆ ಹಾಡುತ್ತಾರೆ. ಕನ್ನಡ ಹಾಡು ತೆಗೆದರೆ ಹುಡುಗಿಯರು ಮೆಲ್ಲಗೆ ಹಾಡುತ್ತಾರೆ, ಹುಡುಗರು ತುಟಿ ಅಲ್ಲಾಡಿಸುತ್ತಾರೆ ಅಷ್ಟೇ. ಅರ್ಧ ಮಕ್ಕಳಿಗೆ ಕನ್ನಡ ಓದಲು ಸರಿಯಾಗಿ ಬರುವುದಿಲ್ಲ. ಆದರೆ ಮನೆಯಲ್ಲಿ ಜಗಳ ಆಡುವುದು, ಅಮ್ಮನ ಹತ್ತಿರ ಅಳುವುದು ಎಲ್ಲ ಕನ್ನಡದಲ್ಲೇ.

ಈಗ ಕೇಳಲು ಒಂದು ಕಾರಣವಿದೆ. ಕಹೋನ್ ಬಾರಿಸುವ ಹುಡುಗ ಸೆಕೆಂಡ್ ಪಿಯುಸಿಯಲ್ಲಿ ಅಕೌಂಟೆನ್ಸಿ ಫೇಲಾದ. ರಿಸಲ್ಟ್ ಬಂದ ವಾರವೂ ಶನಿವಾರ ಬಂದ. ನಾನು ಮೊದಲೇ ಆರಿಸಿಟ್ಟಿದ್ದ ಮೂರೂ ಹಾಡು ಜಯದ ಹಾಡುಗಳೇ. ಎರಡನೆಯದರ ಮಧ್ಯೆ ಅವನ ಕೈ ನಿಂತುಹೋಯಿತು. ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು ನೆಲ ನೋಡುತ್ತ ಕೂತಿದ್ದ. ಆಮೇಲೆ ಎರಡು ವಾರ ಬಂದಿಲ್ಲ. ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಇಂಥ ಮಕ್ಕಳಿಗೆ ಧೈರ್ಯ ಕೊಡುವ ಹಾಡನ್ನು ಹೇಗೆ ಆರಿಸುತ್ತೀರಿ? ಹಾಡು ಮುಗಿದ ಮೇಲೆ ಏನು ಮಾಡುತ್ತೀರಿ?

ಹಳೇ ಟೆನರ್:

ವಂದನೆಗಳಮ್ಮ. ನಾನು ಮೂವತ್ತು ವರ್ಷ ಕ್ವಯರಿನಲ್ಲಿ ಹಾಡಿದವನು. ಮೊದಲು ಸ್ಕೇಲ್, ಅಂದರೆ ಶ್ರುತಿ, ನೋಡಿ. ಹುಡುಗರಿಗೆ ಸಾಮಾನ್ಯವಾಗಿ 12ರಿಂದ 15ರೊಳಗೆ ದನಿ ಒಡೆಯುತ್ತದೆ. ಹೋದ ವರ್ಷ ಸಲೀಸಾಗಿ ಮುಟ್ಟುತ್ತಿದ್ದ ಸ್ವರ ಈ ವರ್ಷ ಸಿಗುವುದಿಲ್ಲ. ಸ್ಪೀಕರ್ ಜೊತೆ ಹಾಡುವಾಗ ಅವರ ದನಿ ಅದರೊಳಗೆ ಮುಳುಗುತ್ತದೆ, ಭಯವಿಲ್ಲ. ಬರೀ ಕೀಬೋರ್ಡಿಗೆ ಹಾಡುವಾಗ ಎಲ್ಲರ ಮುಂದೆ ದನಿ ಸೀಳಿಬಿಟ್ಟರೆ ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ದಯವಿಟ್ಟು ಅದನ್ನು ಭಕ್ತಿ ಕಡಿಮೆ ಅಂದುಕೊಳ್ಳಬೇಡಿ. ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಎರಡು ಮೂರು ಮನೆ ಇಳಿಸಿ. ಹಾಡಿನ ಅತಿ ಎತ್ತರದ ಸ್ವರ ಡಿ ದಾಟದೆ ಇರಲಿ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ. ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ತುಂಬಿದ ಹಾಡುಗಳಲ್ಲಿ ಹ್ರಸ್ವ ದೀರ್ಘ ಕೆಟ್ಟಿರುತ್ತದೆ. 'ಮನ' ಅನ್ನಬೇಕಾದ ಕಡೆ ರಾಗ ಎಳೆದು 'ಮಾನ' ಆಗುತ್ತದೆ. 'ನೀನೇ ನನ್ನ ಬಲ' ಅನ್ನುವುದು 'ಬಾಲ' ಆಗುತ್ತದೆ. ಆಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ತಪ್ಪು ಅವರದಲ್ಲ. ಅವರ ಕಿವಿ ಸರಿಯಾಗಿದೆ.

ನಿಘಂಟಿನ ಕಿಟೆಲ್ ಗೊತ್ತಲ್ವಾ, ಮೇಯೋ ಹಾಲ್ ಹತ್ತಿರ ಪ್ರತಿಮೆ ಇದೆ. ಜರ್ಮನಿಯಿಂದ ಬಂದವರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಯೇಸುವಿನ ಜೀವನವನ್ನು ‘ಕಥಾಮಾಲೆ’ಯಲ್ಲಿ ಬರೆಯುವಾಗ ನಮ್ಮ ಛಂದಸ್ಸನ್ನೇ ಹಿಡಿದರು. ಕನ್ನಡದ ಬಾಯಿಗೆ ಕನ್ನಡದ ಅಳತೆಯೇ ಬೇಕು ಅಂತ ಅವರಿಗೆ ಗೊತ್ತಿತ್ತು. ಹಾಡಿಸುವ ಮೊದಲು ಸಾಲನ್ನು ಸುಮ್ನೆ ಮಾತಿನ ಹಾಗೆ ಜೋರಾಗಿ ಓದಿ. ಮಾತು ಒಂದು ಕಡೆ, ರಾಗ ಇನ್ನೊಂದು ಕಡೆ ಎಳೆದರೆ ಆ ಹಾಡು ಬಿಡಿ.

ಓದಲು ಬಾರದ ಮಕ್ಕಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಡಿ, ಲ-ಳ, ನ-ಣ ಎಲ್ಲ ಒಂದೇ ಆಗಿಬಿಡುತ್ತದೆ. ಸಂಡೇ ಸ್ಕೂಲಿನ ಹಾಗೆ ಒಂದೊಂದೇ ಸಾಲು ಬಾಯಲ್ಲಿ ಹೇಳಿಕೊಡಿ.

ಬೇಸ್ ಗಿಟಾರ್:

ಅಕ್ಕ, ಆ ಹುಡುಗನ ಜಾಗದಲ್ಲಿ ನಾನೂ ಕೂತಿದ್ದೆ. ಅಪ್ಪ ತೀರಿಕೊಂಡಾಗ ನನಗೆ 17. ಎಲ್ಲರೂ ಸಂತೋಷದ ಹಾಡೇ ಹಾಡಿಸುತ್ತಿದ್ದರು, ಒಳ್ಳೆ ಮನಸ್ಸಿನಿಂದಲೇ. ನನಗೆ ಮಾತ್ರ ಗಂಟಲು ಕಟ್ಟುತ್ತಿತ್ತು. ಆಗ ನಮ್ಮ ಸಂಡೇ ಸ್ಕೂಲ್ ಟೀಚರ್ ಬೈಬಲಿನ 13ನೇ ಕೀರ್ತನೆ ತೆಗೆದುಕೊಟ್ಟರು. ಆರೇ ವಚನ. ಮೊದಲ ಎರಡು ವಚನದಲ್ಲಿ ದಾವೀದ ಇನ್ನೆಷ್ಟರವರೆಗೆ ಅಂತ ದೇವರನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಕೊನೆಯ ವಚನದಲ್ಲಿ ಹಾಡುತ್ತೇನೆ ಅನ್ನುತ್ತಾನೆ. ದೇವರ ಮುಂದೆ ಹೀಗೂ ಕೇಳಬಹುದಾ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ನಾವೇ ಅದಕ್ಕೆ ರಾಗ ಹಾಕಿದೆವು. ಬರೀ ನಾಲ್ಕು ಸ್ವರ. ಮಕ್ಕಳಿಗೆ ರಾಗ ಹಾಕಲು ಬಿಡಿ, ಆಗ ಸಾಲಿನ ಅರ್ಥ ಅವರೇ ಹುಡುಕುತ್ತಾರೆ. ಯಾವ ಪದ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಜಗಳ ಆಡುತ್ತಾರೆ. ನಮ್ಮ ಗುಂಪಿನಲ್ಲಿ ಒಂದೇ ಪದಕ್ಕೆ ಒಂದು ಸಂಜೆ ಹೋಯಿತು.

ಆ ಹುಡುಗನನ್ನು ಮುಂದೆ ಕರೆದು ಸಾಕ್ಷಿ, ಅಂದರೆ ಎಲ್ಲರೆದುರು ತನ್ನ ಅನುಭವ, ಹೇಳಿಸಬೇಡಿ. ಮನೆಗೆ ಹೋಗಿ ಮಾತಾಡಿಸಿ.

ಇಬ್ಬರು ಮಕ್ಕಳ ತಾಯಿ:

ಹಾಡು ಮುಗಿದ ತಕ್ಷಣ ಬೋಧನೆ ಬೇಡ. ಟೀ ಕೊಡಿ. ನನ್ನ ಮಗಳು ಮನಸ್ಸಿನ ಮಾತು ಹೇಳುವುದು ಲೋಟ ತೊಳೆಯುವಾಗಲೇ, ಎದುರು ಬದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡುವುದಿಲ್ಲ. ಇನ್ನೊಂದು ಮಾತು. ಫೇಲಾದ ಹುಡುಗ ಊಟ ನಿದ್ದೆ ಬಿಟ್ಟು ಒಂಟಿಯಾಗಿದ್ದರೆ ಹಾಡನ್ನು ನಂಬಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಅವರ ಮನೆಗೆ ಹೋಗಿ ಬನ್ನಿ.

ಕೆಂಗೇರಿ ಅಕ್ಕ (ನಾಲ್ಕು ವಾರದ ನಂತರ):

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಆವತ್ತೇ ಸಂಜೆ ಅವನ ಮನೆಗೆ ಹೋದೆ. ಊಟ ಮಾಡುತ್ತಿದ್ದಾನೆ, ಆದರೆ ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಕೂರುವುದಿಲ್ಲ ಅಂತ ಹಟ ಹಿಡಿದಿದ್ದ. ಆ ದಿನ ಅಂಥ ಹಾಡು ಆರಿಸಿದ್ದು ನನ್ನ ತಪ್ಪು ಅಂತ ಅವನಿಗೆ ನೇರವಾಗಿ ಹೇಳಿದೆ. ಏನೂ ಮಾತಾಡಲಿಲ್ಲ. ಗೇಟಿನ ತನಕ ಬಂದು ಕಳಿಸಿಕೊಟ್ಟ.

ಮುಂದಿನ ಶನಿವಾರ ಬಂದ. ಬೋರ್ಡ್ ಮೇಲೆ 13ನೇ ಕೀರ್ತನೆ ಬರೆದಿಟ್ಟು ರಾಗ ನೀವೇ ಹಾಕಿ ಅಂದೆ. ಸ್ಕೇಲ್ ಸಿ. ಟೆನರ್ ಅಣ್ಣ ಹೇಳಿದ ಹಾಗೆ ಮೊದಲು ಮಾತಿನ ಹಾಗೆ ಓದಿಸಿದೆ. ಮೂರು ಶನಿವಾರ ಹಿಡಿಯಿತು. 'ಇನ್ನೆಷ್ಟರವರೆಗೆ' ಬಂದಾಗಲೆಲ್ಲ ಅವನು ಕಹೋನನ್ನು ಒಂದೇ ಏಟು ಜೋರಾಗಿ ಹೊಡೆಯುತ್ತಾನೆ. ಹುಡುಗರೆಲ್ಲ ಆ ಏಟಿನ ಜೊತೆ ಕೂಗುತ್ತಾರೆ. ಹೌದು, ಹುಡುಗರು! ಕೊನೆಯ ವಚನಕ್ಕೆ ತಾಳ ಹೇಗೆ ಅಂತ ಕೇಳಿದರೆ, "ಅಲ್ಲಿ ಬೇಡ ಅಕ್ಕ, ಬರೀ ಬಾಯಲ್ಲಿ ಹಾಡೋಣ" ಅಂದ. ಕೈ ನಿಲ್ಲಿಸಿ, ತಲೆ ಎತ್ತಿ ಹಾಡಿದ.

ಈಗ ಮತ್ತೆ ಪರೀಕ್ಷೆ ಬರೆಯುತ್ತಾನಂತೆ. ನಮ್ಮ ಗುಂಪಿನ ಒಬ್ಬ ಹುಡುಗಿಯ ತಂದೆ ಲೆಕ್ಕಪತ್ರ ಬರೆಯುವ ಕೆಲಸದವರು. ಈಗ ಅವನು ನಾಲ್ಕೂವರೆಗೇ ಬರುತ್ತಾನೆ. ಐದೂವರೆ ತನಕ ಅಕೌಂಟೆನ್ಸಿ, ಆಮೇಲೆ ಹಾಡು.