ಅಪ್‌ಡೇಟ್: ಅಂಡಮಾನ್‌ನಲ್ಲಿ 12 ದಿನ, ಕೊನೆಗೆ ಎಲ್ಲಿ ಉಳಿದೆವು

ಅಮ್ಮನ ಜೊತೆ 12 ದಿನ ಅಂಡಮಾನ್‌ಗೆ ಹೋಗುತ್ತಿದ್ದೇವೆ, ಒಂದೇ ಕಡೆ ರೂಮ್ ಮಾಡೋದಾ, ಬದಲಾಯಿಸುತ್ತಾ ಹೋಗೋದಾ ಅಂತ ಕೇಳಿದ್ದೆ. ಮೊನ್ನೆ ವಾಪಸ್ ಬಂದೆವು.

"ಓಡಾಟ ಕಡಿಮೆ ಮಾಡಿ, ಎರಡೇ ದ್ವೀಪ ಹಿಡಿಯಿರಿ" ಅಂದವರ ಮಾತೇ ಸರಿಯಾಯಿತು. ಹ್ಯಾವ್‌ಲಾಕ್‌ನಲ್ಲಿ 5 ರಾತ್ರಿ, ನೀಲ್‌ನಲ್ಲಿ 4, ಬರುವಾಗ ಹೋಗುವಾಗ ಪೋರ್ಟ್ ಬ್ಲೇರ್‌ನಲ್ಲಿ ಒಂದೊಂದು. ಪೋರ್ಟ್ ಬ್ಲೇರ್‌ನಲ್ಲೇ ಇದ್ದು ದಿನಾ ಹೋಗಿ ಬನ್ನಿ ಅನ್ನೋ ಸಲಹೆ ನಮಗೆ ಆಗುತ್ತಿರಲಿಲ್ಲ. ಮೊದಲ ಫೆರ್ರಿಯಲ್ಲೇ ಅಮ್ಮ ವಾಂತಿ ಮಾಡಿಕೊಂಡು ಸುಸ್ತಾಗಿಬಿಟ್ಟರು.

ನನಗೆ ಗೊತ್ತೇ ಇಲ್ಲದ್ದು ಇಳಿತದ ವಿಷಯ. ಹ್ಯಾವ್‌ಲಾಕ್‌ನ ಪೂರ್ವ ದಡದಲ್ಲಿ, ವಿಜಯನಗರ ಬೀಚ್ ಎದುರು ಕಾಟೇಜ್ ಸಿಕ್ಕಿತ್ತು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಇದ್ದ ನೀರು ಮಧ್ಯಾಹ್ನದ ಹೊತ್ತಿಗೆ ಎಲ್ಲೋ ದೂರ! ಕಣ್ಣೆದುರು ಬರೀ ಬಂಡೆ, ಪಾಚಿ, ಪುಟ್ಟ ಏಡಿಗಳು. ನೋಡೋಕೆ ತುಂಬಾ ಚೆಂದ, ಆದರೆ ಈಜೋಕೆ ಆಗಲ್ಲ. ಈಜೋಕೆ ಪಶ್ಚಿಮದ ರಾಧಾನಗರಕ್ಕೇ ಹೋಗುತ್ತಿದ್ದೆವು. ಹಾಗಾಗಿ ರೂಮ್ ಬುಕ್ ಮಾಡೋ ಮುಂಚೆ ಇಳಿತದ ಹೊತ್ತು ನೋಡಿಕೊಳ್ಳಿ.

ಇನ್ನೊಂದು, ಚಳಿಗಾಲದಲ್ಲಿ ಅಲ್ಲಿ ಸಂಜೆ 6ಕ್ಕೆಲ್ಲ ಕತ್ತಲು. ಗಡಿಯಾರ ನಮ್ಮದೇ, ದ್ವೀಪ ಮಾತ್ರ ಅಷ್ಟು ಪೂರ್ವಕ್ಕಿದೆ ಅಲ್ವಾ! ವಯಸ್ಸಾದವರು ಜೊತೆಗಿದ್ದರೆ ರಸ್ತೆಗೆ ಹತ್ತಿರದ ರೂಮೇ ಒಳ್ಳೆಯದು. ನೀಲ್ ಚಿಕ್ಕದು, ಅಲ್ಲಿ 3 ರಾತ್ರಿ ಸಾಕು ಅಂದಿದ್ದರು. ಅಮ್ಮನಿಗೆ ಮಾತ್ರ 4 ರಾತ್ರಿಯೂ ಸಾಲಲಿಲ್ಲ.