ಸಹಾಯ ಬೇಕು: ಸ್ಕೂಟರಿನ ಡ್ರೈನ್ ಬೋಲ್ಟ್ ಬಿಚ್ಚಲು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿರುವ ನನ್ನ 110 ಸಿಸಿ ಸ್ಕೂಟರಿನ ಎಂಜಿನ್ ಆಯಿಲ್ ಬದಲಿಸಬೇಕಾಗಿದ್ದು, ಹಿಂದಿನ ಸರ್ವಿಸ್‌ನಲ್ಲಿ ವಿಪರೀತ ಬಿಗಿದಿರುವ ಡ್ರೈನ್ ಬೋಲ್ಟ್ (ಹಳೆಯ ಆಯಿಲ್ ಹೊರಬಿಡಲು ಬಿಚ್ಚುವ ಬೋಲ್ಟ್) ಸ್ವಲ್ಪವೂ ಕದಲುತ್ತಿಲ್ಲ. ಅದರ ಆರು ಮೂಲೆಗಳಲ್ಲಿ ಎರಡು ಆಗಲೇ ಸವೆದು ದುಂಡಗಾಗಿವೆ. ಎಂಜಿನ್ ಬಿಸಿ ಮಾಡಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟರೂ ಪ್ರಯೋಜನವಾಗಲಿಲ್ಲ. ಬೋಲ್ಟ್ ಉಕ್ಕಿನದು, ಅದು ಕೂರುವ ಎಂಜಿನ್ ಕೇಸ್ ಅಲ್ಯೂಮಿನಿಯಂನದು. ಆದ್ದರಿಂದ ಪಾನಾಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿ ಬಲ ಹಾಕಿದರೆ ಒಳಗಿನ ಥ್ರೆಡ್ಡೇ ಕಿತ್ತುಬರಬಹುದೆಂಬ ಭಯವಿದೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕೆಂಬ ಪಕ್ಕದ ಮನೆಯವರ ಸಲಹೆಯನ್ನು ಸದ್ಯಕ್ಕೆ ವಿನಯದಿಂದಲೇ ತಳ್ಳಿಹಾಕಿದ್ದೇನೆ. ಆರು ಮೂಲೆಯ ಸಾಕೆಟ್ ಇನ್ನೂ ಹಿಡಿದೀತೇ, ಇಲ್ಲವೇ ಬೋಲ್ಟಿನ ತಲೆಗೆ ನಟ್ ವೆಲ್ಡ್ ಮಾಡಿಸಿ ಬಿಚ್ಚಿಸುವುದು ಕ್ಷೇಮವೇ? ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶ ಅಥವಾ ರಿಂಗ್ ರಸ್ತೆಯ ಕಡೆ ಈ ಕೆಲಸವನ್ನು ನಾಜೂಕಾಗಿ ಮಾಡುವ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿರಿ. ಹೊಸ ಬೋಲ್ಟ್ ಮತ್ತು ವಾಷರ್ ತಂದಿಟ್ಟುಕೊಂಡಿದ್ದೇನೆ.