ಹಳೇ ಗಾಡಿಗೆ ನ್ಯಾವಿಗೇಷನ್: ಆಂಡ್ರಾಯ್ಡ್ ಸ್ಟೀರಿಯೋನಾ, ಅಂಟಿಸೋ ಸ್ಕ್ರೀನಾ, ಫೋನೇ ಸಾಕಾ? ಬಳಸಿದೋರು ಹೇಳಿ

ತೀರ್ಥಳ್ಳಿ ಕಡೆಯವ:
ನಮ್ದು 2015ರ ವ್ಯಾಗನ್ ಆರ್. ಎಫ್ಎಂ, ಯುಎಸ್‌ಬಿ ಅಷ್ಟೇ ಇರೋ ಸ್ಟೀರಿಯೋ, ಸ್ಕ್ರೀನ್ ಇಲ್ಲ. ಗಾಡಿ ಊರಲ್ಲೇ ಇರುತ್ತೆ, ಅಪ್ಪ ಓಡ್ಸೋದು. ಆಗಾಗ ಬೆಂಗ್ಳೂರು, ಮತ್ತೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಫೋನಲ್ಲಿ ಮ್ಯಾಪ್ ಕಣ್ಣಿಗೆ ಕಾಣಲ್ಲ ಅಂತಾರೆ, ಇಂಗ್ಲಿಷಲ್ಲಿ ಹೇಳಿದ್ರೆ ಟರ್ನ್ ತಪ್ಪುತ್ತೆ. ಅಂಗಡೀಲಿ ಕೇಳಿದ್ರೆ ಆಂಡ್ರಾಯ್ಡ್ ಸ್ಟೀರಿಯೋ ಹಾಕ್ಸಿ ಸಾರ್, ಮ್ಯಾಪ್ ಅದ್ರಲ್ಲೇ ಇರುತ್ತೆ ಅಂದ್ರು. ಆನ್‌ಲೈನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸೋ ಸ್ಕ್ರೀನೂ ಕಾಣ್ತಿದೆ. ಬಜೆಟ್ 15 ಸಾವಿರ. ಘಾಟಿಲಿ ನೆಟ್‌ವರ್ಕ್ ಇರಲ್ಲ, ಅದೇ ಚಿಂತೆ.

ಕುಡ್ಲ ಟೂರಿಸ್ಟ್:
ಶಿರಾಡಿ, ಚಾರ್ಮಾಡಿ, ಆಗುಂಬೆ ಮೂರರಲ್ಲೂ ಓಡಿಸುವವ ನಾನು. ಸ್ಕ್ರೀನ್ ಎಲ್ಲ ಎಂತಕ್ಕೆ ಮಾರಾಯ್ರೆ, ಫೋನೇ ಸಾಕು, ದುಡ್ಡು ಹಾಕುವುದಾದ್ರೆ ಒಳ್ಳೆ ಹೋಲ್ಡರಿಗೆ ಹಾಕಿ. ಮುಂದಿನ ಗ್ಲಾಸಿಗೆ ಅಂಟಿಸುವುದು ಬೇಡ, ಬಿಸಿಲಿಗೆ ಫೋನ್ ಕಾದು ಚಾರ್ಜ್ ನಿಲ್ಲಿಸ್ತದೆ, ಬೆಳಕೂ ತಾನೇ ಕಮ್ಮಿ ಮಾಡ್ತದೆ, ಮತ್ತೆ ಎಂತದೂ ಕಾಣುವುದಿಲ್ಲ. ಎಸಿ ವೆಂಟಿಗೆ ಸಿಕ್ಕಿಸುವಂಥದ್ದು ತಗೊಳ್ಳಿ, ತಂಪಾಗಿ ಇರ್ತದೆ.

ನೆಟ್‌ವರ್ಕ್ ಇಲ್ಲದ್ದು ದೊಡ್ಡ ಸಂಗತಿ ಅಲ್ಲ. ಜಿಪಿಎಸ್‌ಗೆ ಸಿಮ್ಮೇ ಬೇಡ, ಅದು ಸ್ಯಾಟಲೈಟಿಂದ ಬರುವುದು. ನೆಟ್ ಬೇಕಾಗುವುದು ಮ್ಯಾಪ್ ಇಳಿಸ್ಲಿಕ್ಕೆ, ಟ್ರಾಫಿಕ್ ನೋಡ್ಲಿಕ್ಕೆ. ಮನೆ ವೈಫೈಯಲ್ಲಿ ಗೂಗಲ್ ಮ್ಯಾಪ್ಸಲ್ಲಿ ನಿಮ್ಮ ಫೋಟೋ ಒತ್ತಿ, ಆಫ್‌ಲೈನ್ ಮ್ಯಾಪ್ಸ್ ಅಂತ ಉಂಟು, ಶಿವಮೊಗ್ಗ ಉಡುಪಿ ಎರಡೂ ಬರುವ ಹಾಗೆ ಚೌಕ ಎಳೆದು ಡೌನ್‌ಲೋಡ್ ಮಾಡಿ ಬಿಡಿ. ಆದ್ರೆ ಆಫ್‌ಲೈನಲ್ಲಿ ರೋಡ್ ಬ್ಲಾಕ್ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದದ್ದು ಅದಕ್ಕೆ ಹೇಗೆ ಗೊತ್ತಾಗ್ಬೇಕು, ಘಾಟಿ ಶುರುವಾಗುವ ಮೊದಲು ಚಾ ಅಂಗಡಿಯಲ್ಲಿ ಕೇಳುವುದೇ.

ಪೊಲೀಸಿನವರದ್ದು ಹೆದರಿಕೆ ಇದ್ರೆ, 2020 ಅಕ್ಟೋಬರ್ 1ರಿಂದ ದಾರಿ ನೋಡ್ಲಿಕ್ಕೆ ಮಾತ್ರ ಫೋನ್ ಬಳಸಬಹುದು ಅಂತ ಕೇಂದ್ರದ ರೂಲ್ಸಲ್ಲೇ ಬಂದಿದೆ, ಗಮನ ಆಚೀಚೆ ಹೋಗಬಾರದು ಅಷ್ಟೆ. ಹಾಗಂತ ಒಂದು ಕೈಯಲ್ಲಿ ಹಿಡ್ಕೊಂಡು ಓಡಿಸುವುದು ಬೇಡ.

ಬಸವನಗುಡಿ ಆಡಿಯೋ ಹುಚ್ಚ:
ಮೇಲಿನವರು ಹೇಳಿದ್ದು ಅವರ ಕಣ್ಣಿಗೆ ಸರಿ, ನಿಮ್ಮ ತಂದೆಯವರ ಕಣ್ಣಿಗೆ ಆಗಲ್ಲ, ಅವರಿಗೆ ಬೇಕಾಗಿರೋದು ದೊಡ್ಡ ಸ್ಕ್ರೀನೇ. ಆದ್ರೆ ಯಾವ ಸ್ಕ್ರೀನು ಅನ್ನೋದ್ರಲ್ಲಿ ಅಂಗಡಿಯೋರು ಯಾಮಾರಿಸ್ತಾರೆ, ಸ್ವಲ್ಪ ಉದ್ದ ಬರೀತೀನಿ ಬೇಜಾರಿಲ್ದೆ ಓದಿ.

ಆಂಡ್ರಾಯ್ಡ್ ಸ್ಟೀರಿಯೋ ಬೇರೆ, ಆಂಡ್ರಾಯ್ಡ್ ಆಟೋ ಬೇರೆ. ಮೊದಲನೇದು ಅಂದ್ರೆ ಸ್ಟೀರಿಯೋನೇ ಒಂದು ಟ್ಯಾಬ್ಲೆಟ್ಟು, ಅದಕ್ಕೇ ಸಿಮ್ಮೋ ಹಾಟ್‌ಸ್ಪಾಟೋ ಕೊಡ್ಬೇಕು, ಅದ್ರದ್ದೇ ಜಿಪಿಎಸ್ ಆಂಟೆನಾ, ಅದ್ರದ್ದೇ ಅಪ್‌ಡೇಟು, ಎರಡು ವರ್ಷ ಆದ್ಮೇಲೆ ಮ್ಯಾಪ್ ಓಪನ್ ಆಗೋಷ್ಟ್ರಲ್ಲಿ ನೀವು ಟರ್ನ್ ದಾಟಿರ್ತೀರಾ. ಎರಡನೇದ್ರಲ್ಲಿ ಸ್ಟೀರಿಯೋ ಬರೀ ಪರದೆ, ತಲೆ ಎಲ್ಲ ಫೋನಿಂದು. ಫೋನ್ ಬದಲಾಯಿಸಿದಾಗೆಲ್ಲ ನ್ಯಾವಿಗೇಷನ್ನೂ ಹೊಸದಾಗುತ್ತೆ, ಫೋನಲ್ಲಿ ಇಳಿಸಿಟ್ಟ ಆಫ್‌ಲೈನ್ ಮ್ಯಾಪ್ ಹಂಗೇ ಕೆಲಸ ಮಾಡುತ್ತೆ. ಐಫೋನ್ ಇದ್ರೆ ಇದೇ ಕೆಲಸಕ್ಕೆ ಕಾರ್‌ಪ್ಲೇ. ಸೋನಿ, ಪಯೋನೀರ್, ಕೆನ್‌ವುಡ್ ಇಂಥೋರ ಯೂನಿಟ್‌ಗಳಲ್ಲಿ ಸ್ಪೆಕ್ಸ್ ಪಟ್ಟಿ ಚಿಕ್ಕದಿರುತ್ತೆ, ರ‍್ಯಾಮ್ ಎಷ್ಟು ಅಂತ ಬರೆದೇ ಇರಲ್ಲ, ಯಾಕಂದ್ರೆ ಬೇಕಾಗೇ ಇಲ್ಲ. ಕಡಿಮೆ ರೇಟಿನ ಆಂಡ್ರಾಯ್ಡ್ ಸ್ಟೀರಿಯೋ ಡಬ್ಬದ ಮೇಲೆ ನೋಡಿ, 8 ಜಿಬಿ 128 ಜಿಬಿ ಅಂತ ದಪ್ಪಕ್ಷರ. ನನ್ನ ಫ್ರೆಂಡ್ ಒಬ್ಬನಿಗೆ ಜೆ.ಸಿ. ರೋಡ್ ಕಡೆ ಒಂದು ಅಂಗಡೀಲಿ 4 ಜಿಬಿ ಅಂತ ಕೊಟ್ಟಿದ್ದು ಸೆಟ್ಟಿಂಗ್ಸಲ್ಲೂ 4 ಅಂತಲೇ ತೋರಿಸ್ತಿತ್ತು, ಚೆಕ್ ಮಾಡೋ ಆ್ಯಪ್ ಹಾಕಿ ನೋಡಿದ್ರೆ ಒಳಗಿದ್ದಿದ್ದು 2.

ಅಂಟಿಸೋ ಸ್ಕ್ರೀನ್ ಬಗ್ಗೆ: ಅದೂ ಆಂಡ್ರಾಯ್ಡ್ ಆಟೋನೇ ತೋರಿಸುತ್ತೆ, ವೈರ್ ಕಟ್ ಮಾಡೋ ಅಗತ್ಯಾನೇ ಇಲ್ಲ, ಗಾಡಿ ಮಾರೋವಾಗ ಕಿತ್ಕೊಂಡ್ ಬರ್ಬೋದು. ಸೌಂಡ್ ಮಾತ್ರ ಎಫ್ಎಂ ಮೂಲಕ ಗಾಡಿ ಸ್ಪೀಕರಿಗೆ ಕಳಿಸ್ಬೇಕು, ಹೈವೇಲಿ ಊರು ಬದಲಾದಂಗೆ ಅದೇ ಫ್ರೀಕ್ವೆನ್ಸೀಲಿ ಯಾವ್ದೋ ಸ್ಟೇಷನ್ ಬಂದು ಕೂರುತ್ತೆ. ಸ್ಟೀರಿಯೋದಲ್ಲಿ ಆಕ್ಸ್ ಕಿಂಡಿ (ಹೆಡ್‌ಫೋನ್ ಪಿನ್ ಥರದ್ದು ಚುಚ್ಚೋ ತೂತು) ಇದ್ರೆ ಈ ರಗಳೆ ಇಲ್ಲ. ಡ್ಯಾಶ್ ಮೇಲೆ ಎತ್ತರ ನಿಂತು ರಸ್ತೆ ಮರೆಯಾಗೋದು ಇನ್ನೊಂದು, ಸೀಟು ಮುಂದೆ ಎಳ್ಕೊಂಡು ಕೂತ್ಕೊಳ್ಳೋರಿಗೆ ಇದು ಜಾಸ್ತಿ.

ಫಿಟ್ಟಿಂಗ್‌ನಲ್ಲಿ ಒಂದೇ ಹಠ ಹಿಡೀರಿ, ಕಪ್ಲರ್, ಅಂದ್ರೆ ವೈರ್ ಕಟ್ ಮಾಡ್ದೇ ಜೋಡಿಸೋ ಪ್ಲಗ್ಗು, ಹಾಕಿ ಮಾಡ್ಕೊಡ್ಬೇಕು ಅಂತ. ನಿಮ್ಮ ಗಾಡಿ ಮಾಡೆಲ್‌ಗೆ ಆಗೋ ಫ್ರೇಮು, ಕಪ್ಲರು ಎರಡೂ ರೆಡಿ ಸಿಗುತ್ತೆ, ಕಂಪ್ನಿ ವೈರ್ ಕಟ್ ಮಾಡಿ ಟೇಪ್ ಸುತ್ತೋನ ಹತ್ರ ಹೋಗ್ಲೇಬೇಡಿ. ಯುಎಸ್‌ಬಿ ಕೇಬಲ್ಲೂ ಅಷ್ಟೇ, ಒಂದು ಮೀಟರ್ ಒಳಗಿಂದು, ಒಳ್ಳೇದು. ಆಂಡ್ರಾಯ್ಡ್ ಆಟೋ ಪದೇ ಪದೇ ಕಟ್ ಆಗುತ್ತೆ ಅಂತ ಸ್ಟೀರಿಯೋಗೆ ಬಯ್ಯೋರಲ್ಲಿ ಅರ್ಧ ಜನರದ್ದು ಕೇಬಲ್ ಪ್ರಾಬ್ಲಮ್ಮು. ಕೇಬಲ್ ಇಲ್ದೆ ಫೋನ್ ಕನೆಕ್ಟ್ ಮಾಡೋಕೆ ಯುಎಸ್‌ಬಿಗೆ ಚುಚ್ಚೋ ವೈರ್‌ಲೆಸ್ ಡಾಂಗಲ್ ಅಂತ ಮಾರ್ತಾರಲ್ಲ ಅದು ಈಗಾಗ್ಲೇ ವೈರ್ಡ್ ಆಂಡ್ರಾಯ್ಡ್ ಆಟೋ ಇರೋ ಗಾಡಿಗೆ ಮಾತ್ರ, ನಿಮ್ಮ ಹಳೇ ಸ್ಟೀರಿಯೋಗೆ ಚುಚ್ಚಿದ್ರೆ ಏನೂ ಆಗಲ್ಲ.

ಹುಬ್ಬಳ್ಳಿಯಾಂವ:
ಮ್ಯಾಲಿನ ಅಣ್ಣಾರು ಎಲ್ಲಾ ಹೇಳ್ಯಾರ, ಬ್ಯಾಟರಿ ಒಂದ್ ಬಿಟ್ಟಾರ. ಆಂಡ್ರಾಯ್ಡ್ ಸ್ಟೀರಿಯೋ ಪೂರ್ತಿ ಬಂದ್ ಮಾಡಿದ್ರ ಚಾಲು ಆಗಾಕ ಭಾಳ ಹೊತ್ತು ತಗೋತೈತಿ ಅಂತ ಚಾವಿ ತೆಗದ್ರೂ ಒಳಗ ಮಲಗಿರೋ ಹಂಗ ಇಟ್ಟಿರ್ತಾರ್ರೀ, ಸ್ಲೀಪ್ ಮೋಡ್. ದಿನಾ ಓಡೋ ಗಾಡಿಗೆ ನಡೀತೈತಿ. ನಮ್ಮ ಮಾವಾರ ಗಾಡಿ ವಾರಗಟ್ಲೆ ಊರಾಗ ನಿಂತಿರ್ತೈತಿ, ಇದನ್ನ ಹಾಕ್ಸಿದ ಮ್ಯಾಲೆ ಹಬ್ಬಕ್ಕ ಹೋಗಿ ಸೆಲ್ಫ್ ಹೊಡದ್ರ ಟಿಕ್ ಅಂತ ಸಪ್ಪಳ ಅಷ್ಟ, ಎಲ್ಲಾರೂ ಇಳದು ದೂಡೋದs ಆತು. ನಿಮ್ಮ ಅಪ್ಪಾರ ಗಾಡಿನೂ ನಿಂತs ಇರೋದು ಆದ್ರ ವಿಚಾರ ಮಾಡ್ರಿ.

ಇನ್ನೊಂದು, ಇನ್ಶೂರೆನ್ಸ್ ಪಾಲಿಸಿಯೊಳಗ ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಸೇರಿಸ್ರಿ. ಬ್ಯಾರೆ ಹಾಕ್ಸಿದ್ ಸ್ಟೀರಿಯೋ ಕಳುವಾದ್ರ ಬರೆಸಿರಲಿಲ್ಲ ಅಂದ್ರ ಕ್ಲೇಮಿಗೆ ಕುಂಡ್ರಂಗಿಲ್ಲ.

ಮೈಸೂರು ರೋಡ್ ದಿನಚರಿ:
ಹಾರ್ಡ್‌ವೇರ್ ಆಯ್ತು, ಆ್ಯಪ್ ಬಗ್ಗೆ ಎರಡು ಮಾತು. ಗೂಗಲ್‌ಗೆ ಕನ್ನಡ ದನಿ ಇದೆ, ಮ್ಯಾಪ್ಸ್ ಸೆಟ್ಟಿಂಗ್ಸಲ್ಲಿ ವಾಯ್ಸ್ ಅಂತ ಹೋದ್ರೆ ಕನ್ನಡ ಸಿಗುತ್ತೆ, ಅಪ್ಪನಿಗೆ ಅದನ್ನೇ ಹಾಕ್ಕೊಡಿ. ಬೆಂಗ್ಳೂರಲ್ಲಿ ಕಷ್ಟ ಬರೋದು ಫ್ಲೈಓವರ್ ಹತ್ರ. ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರೋಡಾಗ್ಲಿ ಹೆಬ್ಬಾಳ ಆಗ್ಲಿ, ಮೇಲೂ ಕೆಳಗೂ ರಸ್ತೆ ಒಂದೇ ಗೆರೇಲಿ ಇದ್ದಾಗ ನೀವು ಮೇಲಿದ್ದೀರೋ ಕೆಳಗಿದ್ದೀರೋ ಜಿಪಿಎಸ್‌ಗೆ ಗಲಿಬಿಲಿ ಆಗುತ್ತೆ. 2024ರಲ್ಲಿ ಗೂಗಲ್‌ನವರು ಫ್ಲೈಓವರ್ ಹತ್ತಬೇಕಾ ಬೇಡ್ವಾ ಅಂತ ಮೊದಲೇ ಹೇಳೋ ವ್ಯವಸ್ಥೆ ತಂದ್ರು, ಸ್ವಲ್ಪ ಪರವಾಗಿಲ್ಲ ಈಗ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಆ್ಯಪಲ್ಲಿ ಜಂಕ್ಷನ್ ಬಂದಾಗ ಫ್ಲೈಓವರ್‌ದು ಚಿತ್ರಾನೇ ಬರುತ್ತೆ, ಹಂಪ್ ಬರ್ತಿದೆ ಅಂತಾನೂ ಎಚ್ಚರಿಸುತ್ತೆ. ವಯಸ್ಸಾದವರಿಗೆ ಈ ಹಂಪ್ ಸಂಗತಿ ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗ, ನಮ್ಮ ಕಡೆ ಹಂಪ್‌ಗೆ ಬಣ್ಣ ಹೊಡೆಯೋದು ಯಾರಾದ್ರೂ ಮಂತ್ರಿ ಬರೋವಾಗ ಮಾತ್ರ. ಟ್ರಾಫಿಕ್ ವಿಷಯಕ್ಕೆ ನನಗೆ ಗೂಗಲ್ಲೇ ಸರಿ ಅನ್ಸಿದೆ, ಹಂಗಾಗಿ ಎರಡೂ ಇಟ್ಕೊಂಡಿದ್ದೀನಿ.

ದಾರಿ ಕಾಣಿಸಿದ ತಕ್ಷಣ ಹೋಗ್ಬೋದು ಅಂತಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಒಳಗೆ ಹೋಗೋ ಹೈವೇ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಹೊರಡೋವಾಗ ಮ್ಯಾಪಲ್ಲಿ ದಾರಿ ಕಂಡ್ರೂ ನೀವು ಗೇಟ್ ಮುಟ್ಟೋ ಟೈಮ್ ಎಷ್ಟು ಅಂತ ಲೆಕ್ಕ ಹಾಕ್ಕೊಳ್ಳಿ. ಘಾಟಿಲೂ ಅಷ್ಟೇ, ಐದು ನಿಮಿಷ ಉಳಿಯುತ್ತೆ ಅಂತ ಕಾಫಿ ತೋಟದ ಒಳದಾರಿ ತೋರಿಸಿದ್ರೆ ಅಪ್ಪನಿಗೆ ಮೇನ್ ರೋಡ್ ಬಿಡ್ಬೇಡಿ ಅಂತ ಹೇಳಿಟ್ಟಿರಿ.

ತೀರ್ಥಳ್ಳಿ ಕಡೆಯವ:
ಎಲ್ರಿಗೂ ಥ್ಯಾಂಕ್ಸ್. ಬ್ಯಾಟರಿ ವಿಷಯ ಓದಿ ಆಂಡ್ರಾಯ್ಡ್ ಸ್ಟೀರಿಯೋ ಕೈಬಿಟ್ಟೆ, ನಮ್ಮ ಗಾಡೀನೂ ಅಡಿಕೆ ಕೊಯ್ಲಿನ ಟೈಮಲ್ಲಿ ಶೆಡ್ ಬಿಟ್ಟು ಹೊರಗೇ ಬರಲ್ಲ. ತಮ್ಮ ಹೇಳ್ತಾನೆ, ಮನೇಲಿ ಅವನದ್ದೊಂದು ಹಳೇ ಐಪ್ಯಾಡ್ ಬಿದ್ದಿದೆ, ವೈಫೈದು, ಅದನ್ನೇ ಸ್ಟ್ಯಾಂಡಿಗೆ ಹಾಕಿದ್ರೆ ಆಗಲ್ವಾ ಅಂತ?

ಬಸವನಗುಡಿ ಆಡಿಯೋ ಹುಚ್ಚ:
ಆಗಲ್ಲ. ವೈಫೈ ಐಪ್ಯಾಡಲ್ಲಿ ಜಿಪಿಎಸ್ಸೇ ಇರಲ್ಲ, ಸಿಮ್ ಹಾಕೋ ಮಾಡೆಲಲ್ಲಿ ಮಾತ್ರ ಇರೋದು. ಅದನ್ನ ತಮ್ಮನಿಗೇ ಸಿನಿಮಾ ನೋಡೋಕೆ ಬಿಡಿ. ಆಂಡ್ರಾಯ್ಡ್ ಆಟೋ ಇರೋ ಯೂನಿಟ್ ನೋಡಿ, ಬಜೆಟ್ ಸ್ವಲ್ಪ ಮೀರ್ಬೋದು, ಆಫರ್ ಇದ್ದಾಗ ತಗೊಳ್ಳಿ, ಇಲ್ಲಾಂದ್ರೆ ಅಂಟಿಸೋ ಸ್ಕ್ರೀನೇ ಸದ್ಯಕ್ಕೆ. ಅಂಗಡಿಗೆ ಹೋಗೋವಾಗ ಅಪ್ಪನ್ನೂ ಅವರ ಫೋನನ್ನೂ ಕರ್ಕೊಂಡು ಹೋಗಿ, ಡೆಮೋ ಪೀಸಿಗೆ ಫೋನ್ ಚುಚ್ಚಿ ಮ್ಯಾಪ್ ಹಾಕಿ ಬಾಗಿಲ ಹೊರಗೆ ಬಿಸಿಲಲ್ಲಿ ತೋರಿಸಿ ಅನ್ನಿ. ಒಳಗಡೆ ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲಾ ಸ್ಕ್ರೀನೂ ಚೆನ್ನಾಗೇ ಕಾಣುತ್ತೆ.

ಕುಡ್ಲ ಟೂರಿಸ್ಟ್:
ಯಾವುದೇ ತಗೊಂಡ್ರೂ ಹೊರಡುವ ಮೊದಲೇ ಮನೆ ಅಂಗಳದಲ್ಲಿ ಊರು ಹಾಕಿ ಕೊಡಿ ಅವರಿಗೆ. ಆಗುಂಬೆ ತಿರುವಲ್ಲಿ ಟೈಪ್ ಮಾಡ್ಲಿಕ್ಕೆ ಹೋಗುವುದು ಬೇಡ.